ಲಾರೆನ್ಸರು ಕೊಡದ ನಂಬರು

ಲವೀನಾ ಬಾಯಿ, ನಿಮ್ಮ ಮಗ ರೋಶನನ ಫೋನ್ ನಂಬರನ್ನು ಸೈನ್ಯಕ್ಕೆ ಹುಡುಗರನ್ನು ಸೇರಿಸುವ ಆ ಏಜೆಂಟನಿಗೆ ಕೊಟ್ಟದ್ದು ನಿಮ್ಮ ಗಂಡ ಲಾರೆನ್ಸರು ಅಲ್ಲ. ನಾನು — ಕುವೈತಿನಲ್ಲಿ ರೋಶನ್ ಓದಿದ ಶಾಲೆಯ ಆಫೀಸಿನಲ್ಲಿ ಹದಿನೆಂಟು ವರ್ಷ ಕುರ್ಚಿ ಬಿಸಿ ಮಾಡಿದ ವಾರಿಜಾ.

ಹನ್ನೆರಡನೇ ತರಗತಿಯವರಿಗೆ ಕೆರಿಯರ್ ಡೇ ಎಂದು ಆ ಏಜೆಂಟ್ ಬಂದಿದ್ದ, ನಮ್ಮೂರಿನ ಕಡೆಯವನೇ. ಬೇರೆ ದೇಶದ ಸೈನ್ಯದಲ್ಲಿ ಸಹಾಯಕನ ಕೆಲಸವಂತೆ — ಗೋದಾಮು, ಅಡುಗೆಮನೆ, ಬಂದೂಕು ಮುಟ್ಟುವುದೇ ಬೇಡವಂತೆ. ಪ್ರಿನ್ಸಿಪಾಲರು ಫೋಟೋಗೆ ಹಲ್ಲುಕಿರಿದು, ಹುಡುಗರ ಫೋನ್ ನಂಬರಿನ ಪಟ್ಟಿಯ ಮಾತು ಬಂದಾಗ ಮೀಟಿಂಗ್ ಇದೆ ಎಂದು ಜಾರಿಕೊಂಡರು. ಬೆನ್ನೆಲುಬಿಲ್ಲದ ಮನುಷ್ಯ. ನನಗಾದರೂ ಇತ್ತೇ? "ಈ ಸ್ಕೂಲ್ ನಡೆಸುದು ನೀವೇ ಅಂತ ಎಲ್ಲರಿಗೂ ಗೊತ್ತುಂಟು ಮೇಡಂ" ಎಂದ ಏಜೆಂಟ್ — ಅಷ್ಟಕ್ಕೇ ಉಬ್ಬಿಹೋದೆ. ಪಟ್ಟಿ ಪ್ರಿಂಟ್ ತೆಗೆದುಕೊಟ್ಟೆ.

ಮಗನ ವಿವರ ಯಾರಿಗೂ ಕೊಡಬೇಡಿ ಎಂದು ನೀವು ಮೊದಲೇ ಬರೆದುಕೊಟ್ಟಿದ್ದಿರಿ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು. ನಾನು ಅದನ್ನು ಫೈಲಿಗೇ ಸೇರಿಸಲಿಲ್ಲ. ಇಲ್ಲಿ ಮಕ್ಕಳ ವಾಸದ ಪರವಾನಗಿ, ಇಕಾಮಾ, ಅಪ್ಪನ ಹೆಸರಿನಲ್ಲಿ, ಸಹಿಯೂ ಅಪ್ಪನದ್ದೇ ಬೇಕು ಎಂಬ ನಿಯಮ ಹಿಡಿದು — ನಿಯಮವೇನು ಮಣ್ಣು! ನಿಮ್ಮ ಇಂಗ್ಲಿಷು, ನಿಮ್ಮ ನೆಟ್ಟಗಿನ ನಡಿಗೆ ನನಗೆ ಆಗುತ್ತಿರಲಿಲ್ಲ. ಈ ಲವೀನಾ ಬಾಯಿಗೆ ಎಷ್ಟು ಜಂಬ ಎಂದುಕೊಂಡಿದ್ದೆ.

ಪರೀಕ್ಷೆ ಮುಗಿದ ತಿಂಗಳೇ ರೋಶನ್ ಆ ಕೆಲಸಕ್ಕೆಂದು ಹೊರಟುಹೋದ. ಅವನನ್ನು ಯುದ್ಧದ ಮುಂಚೂಣಿಗೆ ಕಳಿಸಿದ್ದಾರೆಂಬ ಸುದ್ದಿ ಬಂದ ದಿನ ನೀವು ನನ್ನ ಮೇಜಿನ ಮುಂದೆ ನಿಂತು, ನಂಬರ್ ಕೊಟ್ಟವರು ಯಾರೆಂದು ಕೇಳಿದಿರಿ. ನನ್ನ ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

"ನಿಮ್ಮ ಯಜಮಾನ್ರೇ ಬಂದು ಕೊಟ್ಟು ಹೋದದ್ದಲ್ವಾ ಬಾಯಿ? ನಿಮ್ಗೆ ಹೇಳ್ಲಿಲ್ವಾ?"

ಎಂಥ ನಾಲಿಗೆ ಇದು! ಶುಐಬಾದ ಪ್ಲಾಂಟಿನಲ್ಲಿ ಶಿಫ್ಟ್ ಮಾಡುವ ಲಾರೆನ್ಸರು ಆ ವರ್ಷ ಶಾಲೆಯ ಗೇಟನ್ನೂ ದಾಟಿರಲಿಲ್ಲ. ಅವರು ಆಣೆ ಹಾಕಿದರೂ ನೀವು ನಂಬಿದ್ದು ನನ್ನನ್ನು. ರೋಶನ್ ಒಂದು ಕಾಲು ಕಳೆದುಕೊಂಡು ಮರಳಿದ. ತಾಯಿ ಮಗ ಸೇರಿ ಅವರನ್ನು ಮನೆಯಿಂದ ಹೊರಗೆ ಹಾಕಿದಿರಿ. ಆ ಕ್ರಿಸ್ಮಸ್ಸಿಗೆ ನಾನು ನಿಮ್ಮ ಮನೆಗೆ ಬಂದು ಹಬ್ಬದ ಕುಸ್ವಾರ್ ತಿಂಡಿ ತಿಂದು ಹೋದೆ — ನಾಚಿಕೆಗೆಟ್ಟವಳು.

ನಿನ್ನೆ ಸಬ್ಹಾನಿನಲ್ಲಿ ಲಾರೆನ್ಸರು ಆರು ಜನರ ಜೊತೆ ಇರುವ ರೂಮಿಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮನೆಗೆ ಹೊರಡಲೆಂದು ಎದ್ದು ಶರ್ಟ್ ಹಾಕಿಕೊಳ್ಳತೊಡಗಿದವರು ನಡುವೆ ನಿಲ್ಲಿಸಿ ಕೇಳಿದರು: "ಲವೀನಾಗೆ ಹೇಳಿದ್ರಾ?"

ಇಲ್ಲ ಎಂದೆ. ಅವರು ಮತ್ತೆ ಮಂಚದ ಮೇಲೆ ಕೂತರು.

ನಿಮಗೆ ಗೊತ್ತಾಗಲಿ ಎಂದು ಇದನ್ನು ಬರೆದಿದ್ದೇನೆ, ಬಾಯಿ.