ಹತ್ತೊಂಬತ್ತರ ಬೆನ್ನು ಹತ್ತಿದ ನೀಲಗಂಗಾ

ಬೆಳಗಿನ ಏಳಕ್ಕೆ ಇನ್ನೂ ಐದು ನಿಮಿಷವಿದೆ. ಷಿಕಾಗೋದ ಪಶ್ಚಿಮ ಭಾಗದ ಒಂದು ದೊಡ್ಡ ಆಸ್ಪತ್ರೆಯ ಗ್ರಂಥಾಲಯದ ಬಾಗಿಲ ಮುಂದೆ ನೀಲಗಂಗಾ ಕಾಯುತ್ತ ನಿಂತಿದ್ದಾರೆ. ಏಪ್ರಿಲ್ ಬಂದರೂ ಹೊರಗೆ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿಲ್ಲ, ನೀರು ಹೆಪ್ಪುಗಟ್ಟುವ ಚಳಿ. ಸೀರೆಯ ಮೇಲೆ ಗಂಡನ ಹಳೆಯ ಓವರ್‌ಕೋಟು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಬಟ್ಟೆಯ ಚೀಲ. ನೇಪರ್‌ವಿಲ್‌ನಿಂದ ಮೊದಲ ರೈಲು ಹಿಡಿದು, ಷಿಕಾಗೋದಲ್ಲಿಳಿದು ಬಸ್ಸು ಹತ್ತಿ ಬಂದಿದ್ದಾರೆ. ಅವರ ಕಚೇರಿ ಶುರುವಾಗುವುದು ಎಂಟೂವರೆಗೆ. ಈ ಒಂದೂವರೆ ಗಂಟೆಯ ಕೆಲಸವನ್ನು ಅವರಿಗೆ ಯಾರೂ ಹೇಳಿಲ್ಲ.

ಬಾಗಿಲು ತೆಗೆದೊಡನೆ ಅವರು ನೇರವಾಗಿ ಕಿಟಕಿಯ ಪಕ್ಕದ ಮೇಜಿಗೆ ಹೋಗುತ್ತಾರೆ. ಕಪಾಟಿನಿಂದ ಹಸುಗೂಸಿನ ತೂಕದ ಒಂದು ಸಂಪುಟವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಿಚ್ಚುತ್ತಾರೆ. ಯಾವ ಸಂಶೋಧನಾ ಲೇಖನವನ್ನು ಆ ವರ್ಷ ಯಾರು ಯಾರು ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ಅದರಲ್ಲಿದೆ. ಅಕ್ಷರಗಳು ಗಸಗಸೆಯಷ್ಟು ಸಣ್ಣವು. ಚೀಲದಿಂದ ಭೂತಗನ್ನಡಿ ಹೊರಬರುತ್ತದೆ, ಜೊತೆಗೆ ಒಂದು ನೋಟುಬುಕ್ಕು.

"ದೊಡ್ಡ ದೊಡ್ಡ ಮಂದಿ ಬಂದು ಇದರಾಗ ತಮ್ಮ ಹೆಸರು ಎಷ್ಟು ಸಲ ಬಂದೈತಿ ಅಂತ ಎಣಿಸಿ ಹೋಗ್ತಾರ್ರಿ," ಎನ್ನುತ್ತಾರೆ, ತಲೆ ಎತ್ತದೆ. "ನನಗ ಇದು ವಿಳಾಸದ ಪಟ್ಟಿ."

ನೀಲಗಂಗಾ ವಿಜ್ಞಾನಿಯಲ್ಲ. ಆಸ್ಪತ್ರೆಯ ಮನಃಶಾಸ್ತ್ರ ವಿಭಾಗದಲ್ಲಿ ಹತ್ತು ವರ್ಷದಿಂದ ಟೈಪಿಸ್ಟ್. ಓದಿದ್ದು ಗದಗಿನಲ್ಲಿ, ಮೆಟ್ರಿಕ್‌ವರೆಗೆ. ಬಸ್‌ಸ್ಟ್ಯಾಂಡಿನ ಹಿಂದಿದ್ದ ಟೈಪಿಂಗ್ ಶಾಲೆಗೆ ತಮ್ಮನ ಜೊತೆ ಕಾವಲಿಗೆಂದು ಹೋಗಿ, ತಮ್ಮನಿಗಿಂತ ಚೆನ್ನಾಗಿ ಕಲಿತರು. ಗಂಡ ಪಂಚಾಕ್ಷರಿ ಟೆಲಿಫೋನ್ ಯಂತ್ರಗಳ ಎಂಜಿನಿಯರ್. 1967ರಲ್ಲಿ ಇಬ್ಬರೂ ಈ ದೇಶಕ್ಕೆ ಬಂದರು. ಎರಡು ವರ್ಷ ಮನೆಯಲ್ಲೇ ಕಿಟಕಿ ಕಾದ ನೀಲಗಂಗಾ, ಟೈಪಿಂಗ್ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಎರಡು ಪುಟ ಹೊಡೆದು ಈ ಕೆಲಸ ಹಿಡಿದರು. ಇಂಗ್ಲಿಷ್ ಮಾತಾಡಲು ಆಗ ನಾಲಿಗೆ ತೊಡರುತ್ತಿತ್ತಂತೆ. ಬೆರಳು ತೊಡರುತ್ತಿರಲಿಲ್ಲ.

ವಿಭಾಗದ ಸಂಶೋಧಕರಲ್ಲೊಬ್ಬರು ಮೈಸೂರಿನ ಡಾಕ್ಟರ್ ಶೇಷಾದ್ರಿ. ಹೆರಿಗೆಯಾದ ಹೆಂಗಸರ ಮನಸ್ಸು ಕುಸಿಯುವುದನ್ನು ಮೊದಲೇ ಹಿಡಿಯುವುದು ಹೇಗೆ ಎಂಬುದು ಅವರ ಅಧ್ಯಯನ. ನಿದ್ದೆ ಬರುತ್ತದೆಯೇ, ಮಗು ಅತ್ತರೆ ಏನನ್ನಿಸುತ್ತದೆ, ಊಟ ಸೇರುತ್ತದೆಯೇ ಎಂದು ಬಾಣಂತಿಯನ್ನು ಕೇಳಿ ಉತ್ತರಕ್ಕೆ ಅಂಕ ಕೊಡುವ ಒಂದು ಪ್ರಶ್ನಾವಳಿ ಮಾಡಿದರು. ಅಂಕ ಒಂದು ಮಿತಿ ಮುಟ್ಟಿದರೆ ಆಕೆಯನ್ನು ಹಾಗೇ ಮನೆಗೆ ಕಳಿಸಬಾರದು, ಮತ್ತೆ ಕರೆದು ಮಾತಾಡಿಸಬೇಕು. ಮೊದಲ ಪ್ರಶ್ನಾವಳಿಯಲ್ಲಿ ಮೂವತ್ತು ಪ್ರಶ್ನೆ ಇದ್ದವು, ಮಿತಿ ಹತ್ತೊಂಬತ್ತು. ಆಮೇಲೆ ತಾಯಂದಿರಿಗೆ ಅರ್ಥವಾಗದ ಆರು ಪ್ರಶ್ನೆ ತೆಗೆದುಹಾಕಿ ಇಪ್ಪತ್ತನಾಲ್ಕಕ್ಕೆ ಇಳಿಸಿದರು. ಹೊಸ ಲೆಕ್ಕದಲ್ಲಿ ಮಿತಿ ಹದಿನೈದು.

1971ರಲ್ಲಿ ಲೇಖನ ಅಚ್ಚಾಯಿತು. ಅದರ ಕೋಷ್ಟಕದ ಕೆಳಗಿನ ಸಾಲಿನಲ್ಲಿ ಮಿತಿ ಹತ್ತೊಂಬತ್ತು ಎಂದೇ ಇತ್ತು.

ಆ ಸಾಲನ್ನು ಅಂಟಿಸಿದ್ದು ನೀಲಗಂಗಾ. ಹಳೆಯ ವರದಿಯಲ್ಲಿ ಕೋಷ್ಟಕದ ಚೌಕಟ್ಟು ಚೆನ್ನಾಗಿಯೇ ಇತ್ತು. ಅದನ್ನೆಲ್ಲ ಮತ್ತೆ ಟೈಪ್ ಮಾಡಿ ಕಾಗದ ದಂಡ ಮಾಡುವುದೇಕೆಂದು ಕತ್ತರಿಯಿಂದ ಕತ್ತರಿಸಿ, ಹೊಸ ಅಂಕಿಗಳ ಪಟ್ಟಿಯನ್ನು ನಡುವೆ ಗೋಂದು ಹಚ್ಚಿ ಕೂಡಿಸಿದ್ದರು. ಕೆಳಗಿನ ಸಾಲು ಹಳೆಯದೇ ಉಳಿಯಿತು. ಲೇಖನದಲ್ಲಿ ಬೇರೆಲ್ಲೂ ಆ ಸಂಖ್ಯೆ ಬರುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

"ನಮ್ಮ ಮನ್ಯಾಗ ಲಗ್ನಪತ್ರಿಕಿ ಹಿಂದಿನ ಬಿಳಿ ಭಾಗಾನೂ ಒಗಿತಿರಲಿಲ್ರಿ," ಎಂದು ಅವರು ವಿವರಿಸುತ್ತಾರೆ. "ಅದೇ ಬುದ್ಧಿ ಇಲ್ಲಿ ತಂದೆ. ಹಾಳೆ ಉಳೀತು. ಹತ್ತೊಂಬತ್ತೂ ಉಳೀತು."

ಲೇಖನ ಬೇಗ ಹೆಸರಾಯಿತು. ಫೋಟೊಕಾಪಿ ಯಂತ್ರ ಎಲ್ಲ ಕಡೆ ಇಲ್ಲದ ಕಾಲ. ಒಂದು ಪ್ರತಿ ಕಳಿಸಿರೆಂದು ಬೇರೆ ಬೇರೆ ಊರಿನ ಡಾಕ್ಟರುಗಳು ಅಂಚೆ ಕಾರ್ಡು ಬರೆಯುತ್ತಿದ್ದರು. ಪ್ರಾಗ್‌ನಿಂದ, ಒಸಾಕಾದಿಂದ, ವೆಲ್ಲೂರಿನಿಂದ ಕಾರ್ಡು ಬಂದವು. ವಿಭಾಗ ಎಂಟುನೂರು ಪ್ರತಿ ಅಚ್ಚು ಹಾಕಿಸಿತ್ತು. ಲಕೋಟೆಗೆ ಹಾಕಿ ಕಳಿಸುವುದು ನೀಲಗಂಗಾ ಪಾಲಿನ ಕೆಲಸ. ಕಳಿಸಿದ ಮೇಲೆ ಬೇರೆ ಟೈಪಿಸ್ಟುಗಳು ಕಾರ್ಡನ್ನು ಬುಟ್ಟಿಗೆ ಹಾಕುತ್ತಿದ್ದರು. ಇವರು ಬೂಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟರು. ಹಿಂಬದಿಯಲ್ಲಿ ಅರ್ಧ ಜಾಗ ಖಾಲಿ ಇರುತ್ತಿತ್ತಲ್ಲ, ಅದಕ್ಕೆ.

1972ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನಿಂದ ಫೋನು ಬಂತು. ಅಲ್ಲಿನ ಒಂದು ಹೆರಿಗೆ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ವತ್ಸಲಾ ಮಾತಾಡಿದರು. ಕ್ಲಿನಿಕ್ಕಿಗೆ ಬಂದ ಒಬ್ಬ ತಾಯಿಗೆ ಹದಿನೇಳು ಅಂಕ ಬಂದಿತ್ತು. ಹತ್ತೊಂಬತ್ತು ಮುಟ್ಟಲಿಲ್ಲವೆಂದು ಮನೆಗೆ ಕಳಿಸಿದ್ದರು. ನಾಲ್ಕನೆಯ ದಿನ ಆಕೆ ಕೂಸನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಸೋಪು ತರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ. ಎರಡು ದಿನದ ಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಳು. ಜೀವಕ್ಕೆ ಅಪಾಯವಾಗಿರಲಿಲ್ಲ.

ವತ್ಸಲಾ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಆಕೆ ಮುಖ ನೋಡಿದ್ರೇ ಗೊತ್ತಾಗ್ತಿತ್ತು ರೀ. ಪೇಪರ್ ಮಾತ್ರ ಏನೂ ಇಲ್ಲ ಅಂತು. ಆ ನಂಬರ್ ಇನ್ನೊಂದ್ಸಲ ಚೆಕ್ ಮಾಡ್ತೀರಾ?"

ನೀಲಗಂಗಾ ಹಳೆಯ ಹಸ್ತಪ್ರತಿ ತೆಗೆದು ಬೆಳಕಿಗೆ ಹಿಡಿದರು. ಗೋಂದು ಹಚ್ಚಿದ ಅಂಚು ಎದ್ದು ಕಂಡಿತು.

ಆ ವರ್ಷ ಶೇಷಾದ್ರಿಯವರ ಹುದ್ದೆ ಕಾಯಂ ಆಗುವುದಿತ್ತು. ಕಾಗದಪತ್ರಗಳು ಸಮಿತಿಯ ಮುಂದಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಇದೇ ಲೇಖನ. ಅವರು ಅಂದೇ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದರು. ಅದು ಅಚ್ಚಾಗಲು ಎಂಟು ತಿಂಗಳು, ಅದೂ ಕೊನೆಯ ಪುಟದಲ್ಲಿ, ಎಂದು ಉತ್ತರ ಬಂತು. ಕೊನೆಯ ಪುಟ ಯಾರು ಓದುತ್ತಾರೆಂದು ನೀಲಗಂಗಾ ಕೇಳಿದರು. ತಮ್ಮಲ್ಲಿ ಕಾರ್ಡುಗಳಿವೆ, ಎಲ್ಲರಿಗೂ ನಾಳೆಯಿಂದಲೇ ಚೀಟಿ ಹಾಕಬಹುದು ಎಂದರು.

ಶೇಷಾದ್ರಿ ಪತ್ರಿಕೆಯಿಂದ ಬಂದ ಉತ್ತರವನ್ನು ಮಡಚಿಟ್ಟರು. "ಎಲ್ರಿಗೂ ಅಂದ್ರೆ, ಸಮಿತೀಲಿ ಇರೋ ಇಬ್ರಿಗೂ ಹೋಗತ್ತೆ ಅಲ್ವಾ?"

"ಹೋಗತೈತ್ರಿ ಸರ. ಅವರೂ ಕಾರ್ಡು ಹಾಕ್ಯಾರ. ಟೈಪಿಸ್ಟಿನ ತಪ್ಪು ಅಂತ ಬರದುಬಿಡ್ರಿ. ಖರೇನೂ ಹೌದಲ್ಲ."

"ಅಂಟಿಸಿದ್ದು ನೀವು. ಪ್ರೂಫ್ ಓದಿ ಸೈನ್ ಹಾಕಿದ್ದು ನಾನು. ನಿಮ್ಮ ಹೆಸ್ರು ಹಾಕಿದ್ರೆ ಸುಳ್ಳಾಗತ್ತೆ. ಟೈಪ್ ಮಾಡಿ, ಕೆಳಗೆ ನಾನೇ ಸೈನ್ ಮಾಡ್ತೀನಿ."

ಬೆಳಗಿನ ಆರೂವರೆಗೆ ಕಚೇರಿಗೆ ಬಂದು ನೀಲಗಂಗಾ ಚೀಟಿ ಹೊಡೆದರು. ಅಂಗೈಯಷ್ಟು ಕಾಗದ, ಮೂರು ಸಾಲು, ಹದಿನೈದರ ಕೆಳಗೆ ಕೆಂಪು ಪೆನ್ಸಿಲ್ಲಿನ ಎರಡು ಗೆರೆ. ಹನ್ನೊಂದು ದಿನದಲ್ಲಿ ಏಳುನೂರ ಇಪ್ಪತ್ತೆರಡು ಚೀಟಿ ಹೋದವು. ಶೇಷಾದ್ರಿಯವರ ಹುದ್ದೆ ಆ ವರ್ಷ ಕಾಯಂ ಆಗಲಿಲ್ಲ, ಎರಡು ವರ್ಷ ತಡವಾಯಿತು. ಅದಕ್ಕೆ ಚೀಟಿಯೇ ಕಾರಣವೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಚ್ಚಾದ ಎಂಟುನೂರು ಪ್ರತಿಯಲ್ಲಿ ಕಪಾಟಿನಲ್ಲಿ ಉಳಿದದ್ದು ಐವತ್ತೇಳು. ಅಂದರೆ ಹೊರಗೆ ಹೋದದ್ದು ಏಳುನೂರ ನಲವತ್ತಮೂರು. ಡಬ್ಬಿಗಳಲ್ಲಿದ್ದ ಕಾರ್ಡು ಅದಕ್ಕಿಂತ ಇಪ್ಪತ್ತೊಂದು ಕಮ್ಮಿ. ಆ ಇಪ್ಪತ್ತೊಂದು ಎಲ್ಲಿ ಹೋದವೆಂದು ನೀಲಗಂಗಾಗೆ ಗೊತ್ತು. ಹಿಂಬದಿಯ ಖಾಲಿ ಜಾಗದಲ್ಲಿ ಉದ್ದಿನಬೇಳೆ, ಜೀರಿಗೆ, ಸಬ್ಬಕ್ಕಿ ಎಂದು ಬರೆದು ಪಂಚಾಕ್ಷರಿಯವರ ಜೇಬಿಗೆ ಹಾಕಿ ಅಂಗಡಿಗೆ ಕಳಿಸಿದ್ದರು. ಪಂಚಾಕ್ಷರಿ ಸಾಮಾನು ತಂದು ಚೀಟಿ ಎಸೆದಿದ್ದರು.

"ಈಗ ನೋಡ್ರಿ, ಮೂಲಂಗಿ ತಾ ಅಂತ ಬರದ ಚೀಟೀನೂ ತಿರುಗಿ ಕೇಳತಾಳ," ಎಂದು ಪಂಚಾಕ್ಷರಿ ನಗುತ್ತಾರೆ. "ಹಿಂದ ಯಾವ ಡಾಕ್ಟರ್ ಅದಾನೋ ಯಾರಿಗ್ಗೊತ್ತು ಅಂತಾಳ."

ಹೆಂಡತಿ ನಗುವುದಿಲ್ಲ. "ಇಪ್ಪತ್ತೊಂದು ಆಸ್ಪತ್ರಿ ಅಂದ್ರ ಎಷ್ಟು ಬಾಣಂತ್ಯಾರು ಅಂತ ಎಣಿಸಿರೇನು? ಹದಿನೈದು, ಹದಿನಾರು, ಹದಿನೇಳು, ಹದಿನೆಂಟು ಬಂದವರನ್ನೆಲ್ಲ ಮನಿಗೆ ಕಳಿಸಿರ್ತಾರ."

ಗ್ರಂಥಾಲಯದ ಈ ಉಲ್ಲೇಖ ಪಟ್ಟಿಯ ಸಂಪುಟಗಳು ಅವರ ಕೈಗೆ ಬಂದದ್ದು ಆಗಲೇ. ಲೇಖನವನ್ನು ಉಲ್ಲೇಖಿಸಿದವರೆಲ್ಲರ ಹೆಸರು ಅದರಲ್ಲಿ ಸಿಗುತ್ತದೆ. ಹೆಸರು ಹಿಡಿದು ಅವರು ಬರೆದದ್ದನ್ನು ಹುಡುಕಿ, ಮಿತಿ ಎಷ್ಟು ಇಟ್ಟುಕೊಂಡಿದ್ದಾರೆಂದು ನೋಡಬೇಕು. ಹತ್ತೊಂಬತ್ತು ಇದ್ದರೆ ಚೀಟಿ ಹೋಗುತ್ತದೆ. ಮೊದಲ ವರ್ಷ, 1973ರಲ್ಲಿ, ಅಂಥವರು ಮೂವತ್ತೆಂಟು ಮಂದಿ ಸಿಕ್ಕರು. ತಪ್ಪು ಇಪ್ಪತ್ತೊಂದು ಕಾರ್ಡಿನಲ್ಲಿ ನಿಂತಿರಲಿಲ್ಲ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದುಕೊಂಡಿದ್ದರು. ಮರುವರ್ಷ ಮೂವತ್ತೊಂದು, ಆಮೇಲೆ ಹದಿನೇಳು, ಆರು, ಕಳೆದ ಸಲ ಎರಡು. ನೋಟುಬುಕ್ಕಿನಲ್ಲಿ ವರ್ಷಕ್ಕೊಂದು ಪುಟ, ಪುಟದ ಕೆಳಗೆ ಒಂದು ಸಂಖ್ಯೆ.

ಶೇಷಾದ್ರಿಯವರ ಲೇಖನವನ್ನು ಈವರೆಗೆ ಮುನ್ನೂರಕ್ಕೂ ಹೆಚ್ಚು ಮಂದಿ ಉಲ್ಲೇಖಿಸಿದ್ದಾರೆ. ಪತ್ರಿಕೆಯ ಕೊನೆಯ ಪುಟದ ತಿದ್ದುಪಡಿಯನ್ನು ಉಲ್ಲೇಖಿಸಿದವರು ಒಂಬತ್ತು ಮಂದಿ. ಲೇಖನದಲ್ಲಾಗಲಿ ತಿದ್ದುಪಡಿಯಲ್ಲಾಗಲಿ ನೀಲಗಂಗಾ ಹೆಸರಿಲ್ಲ. "ಥ್ಯಾಂಕ್ಸ್ ಅಂತ ಹೆಸ್ರು ಹಾಕೋಣ ಅಂದೆ, ಬೇಡ ಅಂದ್ರು," ಎನ್ನುತ್ತಾರೆ ಶೇಷಾದ್ರಿ. "ನನ್ನ ಲೇಖನಾನ ನನಗಿಂತ ಜಾಸ್ತಿ ಸಲ ಓದಿರೋರು ಅವ್ರೇ. ನಿಜ ಹೇಳ್ಬೇಕಂದ್ರೆ ಇಷ್ಟು ಉಲ್ಲೇಖ ಬಂದಿರೋದೂ ಅವ್ರಿಂದ್ಲೇ ಅಂತ ನನಗೆ ಅನುಮಾನ. ಚೀಟಿ ತಲುಪಿದೋರು ಯಾರೂ ನನ್ನನ್ನ ಮರೆತಿಲ್ಲ."

ಈ ವರ್ಷ ಬಂದಿರುವುದು 1978ರ ಸಂಪುಟ. ಅದರಲ್ಲಿ ಅರವತ್ತನಾಲ್ಕು ಉಲ್ಲೇಖಗಳಿವೆ. ಆರು ವಾರದಿಂದ ದಿನಕ್ಕೆ ಎರಡೋ ಮೂರೋ ಲೇಖನ ತೆಗೆಸಿ ನೋಡುತ್ತ ಬಂದು, ಈ ಶುಕ್ರವಾರಕ್ಕೆ ಅರವತ್ತಮೂರು ಮುಗಿದಿವೆ. ಎಲ್ಲದರಲ್ಲೂ ಹದಿನೈದೇ ಇದೆ. ಉಳಿದದ್ದು ಒಂದು. ಡೆಟ್ರಾಯಿಟ್ ಹೊರವಲಯದ ಸಣ್ಣ ಆಸ್ಪತ್ರೆಯೊಂದರ ಡಾಕ್ಟರು ಬರೆದದ್ದು, ಇಲ್ಲಿನ ಗ್ರಂಥಾಲಯ ತರಿಸದ ಪತ್ರಿಕೆಯಲ್ಲಿದೆ. ಪ್ರತಿ ಕಳಿಸಿರೆಂದು ನೀಲಗಂಗಾ ತಾವೇ ಒಂದು ಕಾರ್ಡು ಹಾಕಿ ತಿಂಗಳಾಯಿತು. ಉತ್ತರವಿಲ್ಲ. ಆ ಡಾಕ್ಟರು ತಮ್ಮ ಆಸ್ಪತ್ರೆಯ ತಾಯಂದಿರನ್ನು ಯಾವ ಮಿತಿಯಿಟ್ಟು ಮನೆಗೆ ಕಳಿಸುತ್ತಿದ್ದಾರೋ ತಿಳಿಯದು. ಕೊನೆಗೆ ವತ್ಸಲಾಗೆ ಹೇಳಿದ್ದಾರೆ. ವತ್ಸಲಾ ಇಪ್ಪತ್ತಾರು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ ಆ ಆಸ್ಪತ್ರೆಯಿಂದಲೇ ಪ್ರತಿ ತಂದಿದ್ದಾರೆ.

ಶನಿವಾರ ಬೆಳಿಗ್ಗೆ ನೇಪರ್‌ವಿಲ್ ಮನೆಯಲ್ಲಿ ಫೋನು ರಿಂಗಾಗುತ್ತದೆ. ನೀಲಗಂಗಾ ರೊಟ್ಟಿ ಬಡಿಯುತ್ತಿದ್ದ ಕೈ ಒರೆಸಿಕೊಂಡು ಬರುತ್ತಾರೆ.

"ಸಿಕ್ತು ರೀ, ಕೈಯಲ್ಲೇ ಇದೆ," ಎನ್ನುತ್ತಾರೆ ವತ್ಸಲಾ. "ಮೊದ್ಲು ಇನ್ನೊಂದು ಹೇಳ್ತೀನಿ. ನಮ್ಮ ಆ ತಾಯಿ ಇದ್ರಲ್ಲ, ಅವ್ರ ಮಗಳಿಗೆ ಮುಂದಿನ ಹಲ್ಲು ಎರಡೂ ಬಿದ್ದಿವೆಯಂತೆ. ಫೋಟೊ ಕಳ್ಸಿದಾರೆ."

"ಹದಿನೇಳು ಅಂಕದಾಕಿ ಮಗಳೇನ್ರಿ?" ಆ ತಾಯಿಯ ಹೆಸರನ್ನು ನೀಲಗಂಗಾ ಯಾವತ್ತೂ ಕೇಳಿಲ್ಲ, ವತ್ಸಲಾ ಹೇಳಿಯೂ ಇಲ್ಲ. "ಇರಲಿ, ಚಲೋ ಆತು. ಈಗ ಅದನ್ನ ತಗೀರಿ. ಕೋಷ್ಟಕದ ಕೆಳಗಿನ ಸಾಲು ಓದ್ರಿ."

"ಅದು ಗೊತ್ತಲ್ಲ, ಹದಿ..."

"ನಿಮಗ ಗೊತ್ತಿದ್ದದ್ದು ಹೇಳಬ್ಯಾಡ್ರಿ. ಅಲ್ಲಿ ಬರದದ್ದು ಓದ್ರಿ."

ಫೋನಿನ ಆ ತುದಿಯಲ್ಲಿ ಹಾಳೆ ತಿರುವುವ ಸದ್ದು. ಪಂಚಾಕ್ಷರಿ ಒಲೆಯ ಮೇಲಿನ ರೊಟ್ಟಿ ಮಗುಚಿ ಹಾಕಿ ಇತ್ತ ನೋಡುತ್ತಾರೆ.

"ಹದಿನೈದು," ಎನ್ನುತ್ತಾರೆ ವತ್ಸಲಾ. "ಒಂದು, ಐದು. ಸಾಕಾ?"

ನೀಲಗಂಗಾ ಫೋನಿಟ್ಟು ಚೀಲದಿಂದ ನೋಟುಬುಕ್ಕು ತೆಗೆಯುತ್ತಾರೆ. 1978ರ ಪುಟದ ಕೆಳಗೆ ಒಂದು ಸೊನ್ನೆ ಬರೆಯುತ್ತಾರೆ. ಹಿಂದಿನ ಪುಟಗಳ ಸಂಖ್ಯೆಗಳೆಲ್ಲ ಪೆನ್ನಿನಲ್ಲಿವೆ, ಇದೊಂದು ಪೆನ್ಸಿಲ್ಲಿನಲ್ಲಿ.

"ಇನ್ನಾದ್ರೂ ಬೆಳಿಗ್ಗಿ ಎರಡು ತಾಸು ಹೆಚ್ಚು ಮಲಕೋತಿಯೇನು?" ಎಂದು ಪಂಚಾಕ್ಷರಿ ಕೇಳುತ್ತಾರೆ.

"ಸೋಮವಾರ ಮೊದಲಿಂದ ಇನ್ನೊಮ್ಮೆ ನೋಡತೀನ್ರಿ," ಎನ್ನುತ್ತಾರೆ ನೀಲಗಂಗಾ, ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತ. "ಸೊನ್ನಿ ಬಂದಾಗ ಮೊದಲ ನಮ್ಮ ಕಣ್ಣಿನ ಮ್ಯಾಲ ಸಂಶಯ ಪಡಬೇಕು. ಇದ್ದದ್ದು ಖರೇ ಇದ್ರ, ಆಮ್ಯಾಲ ಪೆನ್ನಿಲೆ ತೀಡತೀನಿ."