ಕುಸುಬಿ ಎಣ್ಣೆ ಮತ್ತು ಹರಿದ ತೋಟಾ

ವಿಜಯಪುರದ ಒಂದು ಸಶಸ್ತ್ರ ದಳದಲ್ಲಿ ನಾನು ರೈಫಲ್ ಮಿಸ್ತ್ರಿ. ಟ್ರಿಗರ್ ಎಳೆದಂತೆಲ್ಲ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ರೈಫಲ್‌ಗಳ ಆರೋಗ್ಯ ನನ್ನ ಜವಾಬ್ದಾರಿ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಾತ್ರ ಬಡ್ತಿ ಪಡೆದು ಪೂಜಾರಿಯಾಗುತ್ತೇನೆ.

ಹೋದ ವರ್ಷ ತಪಾಸಣೆಯ ದಿನವೂ ಪೂಜೆಯ ದಿನವೂ ಒಂದೇ ಆಯಿತು. ಪೂಜೆಗೆ ಕೂತ ಆಯುಧವನ್ನು ಅಲುಗಿಸಬಾರದು. ಗಾಂಧಿ ಚೌಕದಿಂದ ತಂದ ಚೆಂಡು ಹೂ ಏರಿಸಿ, ಕುಂಕುಮ ಹಚ್ಚಿ, ಸವೆತ ಅಳೆಯುವ ಗೇಜ್ ಹಾಕದೆಯೇ 'ತಪಾಸಣೆ ಆಗಿದೆ' ಎಂದು ಸಹಿ ಮಾಡಿದೆ. ನಿಡೋಣಿಯ ಹವಾಲ್ದಾರರು, ನಿವೃತ್ತಿಗೆ ಎರಡೇ ತಿಂಗಳಿದ್ದವರು, ಭಕ್ತಿಯಿಂದ ತಮ್ಮ ರೈಫಲ್‌ನಲ್ಲಿ ತೋಟಾ ಕೂರುವ ಗೂಡಿನೊಳಗೂ ಮನೆಯ ಕುಸುಬಿ ಎಣ್ಣೆ ಸವರಿದರು.

ಮರುದಿನ ಟಿಕೋಟಾ ದಾಟಿದ ಕಲ್ಲುಬಯಲಿನಲ್ಲಿ ಗುಂಡಿನ ಅಭ್ಯಾಸ. ಅವರ ನಾಲ್ಕನೇ ಹೊಡೆತಕ್ಕೆ ತೋಟಾದ ಹಿತ್ತಾಳೆ ಕವಚ ಬುಡದ ಬಳಿ ಹರಿಯಿತು. ಬಿಸಿ ಹೊಗೆಯೊಡನೆ ಚೂರೊಂದು ಹಾರಿ ಹುಬ್ಬು ಸೀಳಿತು. ಕಣ್ಣು ಉಳಿಯಿತು.

ಎಣ್ಣೆಯ ವಾಸನೆ ಸಿಕ್ಕಿದ್ದೇ ದಳದ ಸಾಹೇಬರು ತಪ್ಪು ಎಣ್ಣೆಯದೇ ಎಂದು ತೀರ್ಪು ಕೊಟ್ಟರು. ಒಂದು ಕಪ್ಪು ಚುಕ್ಕೆಯೂ ಇಲ್ಲದ ಹವಾಲ್ದಾರರ ಸೇವಾ ಪುಸ್ತಕದಲ್ಲಿ 'ನಿರ್ಲಕ್ಷ್ಯ' ಎಂದು ಬರೆಯಲು ನನ್ನ ವರದಿಯೊಂದೇ ಬಾಕಿ.

ಹರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಿತ್ತಾಳೆ ಜಗ್ಗಿ ತೆಳುವಾಗಿತ್ತು. ಎಣ್ಣೆ ಇದ್ದರೆ ಕವಚ ಜಾರುತ್ತದೆ, ಹೊಡೆತವೆಲ್ಲ ಗೂಡಿನ ಹಿಂಬಾಗಿಲಾದ ಬೋಲ್ಟ್ ಮೇಲೆ ಬೀಳುತ್ತದೆ, ಅದೂ ಕೆಟ್ಟದ್ದೇ. ಆದರೆ ಹೀಗೆ ಜಗ್ಗಿ ಹರಿಯಬೇಕಾದರೆ ಕವಚ ಗೂಡಿನ ಗೋಡೆಯನ್ನು ಗಟ್ಟಿಯಾಗಿ ಹಿಡಿದಿರಬೇಕು, ಬುಡದ ಹಿಂದೆ ಖಾಲಿ ಜಾಗ ಇರಬೇಕು. ಮೊದಲ ಮೂರು ಹೊಡೆತಕ್ಕೆ ಎಣ್ಣೆ ಸುಟ್ಟು ಹೋಗಿತ್ತು. ಗೇಜ್ ಹಾಕಿದೆ. ಗೇಜ್ ಒಳಗಿದ್ದಾಗ ಮುಚ್ಚಬಾರದ ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು. ಸವೆತ ಹಳೆಯದು. ಪೂಜೆಯ ದಿನ ಎರಡು ನಿಮಿಷದಲ್ಲಿ ಸಿಗುತ್ತಿತ್ತು.

ಹವಾಲ್ದಾರರು ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದರು.

"ಎಣ್ಣಿ ನಾನ ಹಚ್ಚೀನ್ರಿ ಮಿಸ್ತ್ರಿಯವ್ರ. ನನ್ನ ಹೆಸರ್ಲೇ ಬರ್ದು ಮುಗಸ್ರಿ."

"ನಿಮ್ಮ ಎಣ್ಣಿಗೆ ಅಷ್ಟು ತಾಕತ್ತಿಲ್ರಿ. ಬದನಿಕಾಯಿಗೆ ಹಾಕ್ರಿ ಅದನ್ನ," ಎಂದೆ. ಬರೆದಿಟ್ಟಿದ್ದ ವರದಿಯ ಕಾಗದ ಮುಂದಿಟ್ಟೆ. ತಪಾಸಣೆ ಆಗಿರಲಿಲ್ಲ, ಸಹಿ ಸುಳ್ಳು, ಸಹಿ ನನ್ನದು ಎಂದಿತ್ತು.

ಅವರು ಎರಡು ಸಲ ಓದಿದರು. ಕೃತಜ್ಞತೆ ಬರಬಹುದೆಂದು ನಾನು ಗಂಭೀರವಾಗಿ ಕಾದು ಕೂತಿದ್ದೆ.

"ಕಣ್ಣ ಹೋಗಿದ್ರೂ ಹಿಂಗ ಬರೀತಿದ್ರೇನ್ರಿ?"

ಬರೆಯುತ್ತಿದ್ದೆ ಎನ್ನಲು ಬಾಯಿ ತೆರೆದವನು, ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಅವರು ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿ ಎದ್ದು ಹೋದರು.