ಮಾಸ್ತರರು ನನಗೆ ತೋರಿಸದ ಪ್ರತಿಬಿಂಬ

ಐವತ್ತರ ದಶಕದ ಕೊನೆಯ ಮಾತು, ನನಗೆ ಹತ್ತು ವರ್ಷ. ಪಾತ್ರೆ ತಿಕ್ಕುವುದರಲ್ಲಿ ನಮ್ಮವ್ವನಷ್ಟು ಹುಚ್ಚು ಇಡೀ ಮುದ್ದೇಬಿಹಾಳದಲ್ಲಿ ಯಾರಿಗೂ ಇರಲಿಲ್ಲ. ಅಂಥವಳು, ನನಗೆ ದೇವಿ ಬೇನೆ, ಅಂದರೆ ಸಿಡುಬು ಬಂದು ವಾಸಿಯಾದ ಮೇಲೆ ಹಿತ್ತಾಳೆಗೆ ಹುಣಸೆಹಣ್ಣು ಮುಟ್ಟಿಸುವುದನ್ನೇ ಬಿಟ್ಟಳು. ತಾಟು, ತಂಬಿಗೆ, ಕೊಡ ಎಲ್ಲ ಕಪ್ಪಿಟ್ಟವು. ಗೋಡೆಯ ಕನ್ನಡಿ ಒಡೆದುಹೋಯಿತೆಂದಳು. ಕುಂಕುಮ ತಾನೇ ಹಚ್ಚುತ್ತಿದ್ದಳು, ಸ್ನಾನದ ನೀರು ತಾನೇ ಹಾಕುತ್ತಿದ್ದಳು, ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ಕೆನ್ನೆಯ ಮೇಲೆ ಬೆರಳಿಗೆ ಸಿಗುತ್ತಿದ್ದ ಕುಳಿಗಳ ಬಗ್ಗೆ ಕೇಳಿದರೆ, ತುಂಬಿ ಬರುತ್ತವೆ ಎನ್ನುತ್ತಿದ್ದಳು. ನಾನು ನಂಬಿದ್ದೆ. ಅವ್ವನಿಗೆ ಮೈಗಳ್ಳತನ ಬಂದಿದೆ ಎಂದು ಗೊಣಗುತ್ತಿದ್ದೆ ಬೇರೆ.

ಎರಡು ತಿಂಗಳ ಮೇಲೆ ಸಾಲೆಗೆ ಹೋದ ಮೊದಲ ದಿನ ಮಾಸ್ತರರು ‘ಪ್ರತಿಬಿಂಬ’ ಎಂಬ ಶಬ್ದವನ್ನು ಬಿಡಿಸಿ ಹೇಳಿದರು. ಪ್ರತಿ ಎಂದರೆ ಎದುರು, ಬಿಂಬ ಎಂದರೆ ಸೂರ್ಯಚಂದ್ರರ ದುಂಡು ರೂಪ, ಎರಡೂ ಸಂಸ್ಕೃತದಿಂದ ಬಂದವು. ಎದುರಿಗೆ ಮೂಡುವ ರೂಪಕ್ಕೆ ಆ ಹೆಸರು. ಮೈ ನುಣುಪಾಗಿದ್ದರೆ ಮಾತ್ರ ಅದು ಮೂಡುತ್ತದೆ, ಒರಟಾಗಿದ್ದರೆ ಬೆಳಕು ಚೆದುರಿಹೋಗುತ್ತದೆ ಎಂದರು. ಆಮೇಲೆ ಚೀಲದಿಂದ ಸಣ್ಣ ಕನ್ನಡಿ ತೆಗೆದು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಬಂದರು. ನನ್ನ ಸರದಿ ಬಂದಾಗ ಅವರ ಕೈ ನಿಂತಿತು. ಕನ್ನಡಿಯನ್ನು ಎದೆಗೆ ಒತ್ತಿಕೊಂಡು ಪಕ್ಕದವಳ ಹತ್ತಿರ ಹೋಗಿಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಉಳಿದವರಿಗೆಲ್ಲ ತೋರಿಸಿದ್ದನ್ನು ನನಗೇಕೆ ತೋರಿಸಬಾರದು? ನುಣುಪು ತಾನೇ ಬೇಕಾದದ್ದು, ಅದನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದುಕೊಂಡೆ. ಮನೆಗೆ ಬಂದವಳೇ ಅವ್ವನ ಕಣ್ಣು ತಪ್ಪಿಸಿ, ನನ್ನ ಊಟದ ತಾಟಿಗೆ ಹುಣಸೆಹಣ್ಣು, ಬೂದಿ ಹಾಕಿ ತೋಳು ನೋಯುವ ತನಕ ತಿಕ್ಕಿದೆ. ತೊಳೆದು, ಒರೆಸಿ, ಅಂಗಳದ ಬಿಸಿಲಲ್ಲಿ ಬಗ್ಗಿ ನೋಡಿದೆ.

ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆಂದು ಥಟ್ಟನೆ ತಿರುಗಿದೆ. ಯಾರೂ ಇರಲಿಲ್ಲ. ಮತ್ತೆ ನೋಡಿದೆ. ಹುಬ್ಬಿಲ್ಲದ, ತೂತುತೂತಾದ ಆ ಮುಖ ನನ್ನ ಜೊತೆಗೇ ಬಾಯಿ ತೆರೆಯಿತು. ಓಣಿಯವರು, ಮಾಸ್ತರರು, ಗೆಳತಿಯರು ಎರಡು ತಿಂಗಳಿಂದಲೋ ಅವತ್ತು ಬೆಳಿಗ್ಗೆಯಿಂದಲೋ ಇದನ್ನೇ ನೋಡಿದ್ದರು. ನನ್ನ ಮುಖ ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ. ಅದಕ್ಕಿಂತ ದೊಡ್ಡ ಮೋಸ ಇರಲಾರದು ಎನಿಸಿತು.

ಅವ್ವ ಬಂದಳು. ತಾಟು ಕಸಿದುಕೊಳ್ಳಲಿಲ್ಲ, ಬೈಯಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಅವಳ ತೋಳಿಗೆ ಗುದ್ದಿದೆ. ಗುದ್ದಿಸಿಕೊಳ್ಳುತ್ತಲೇ ಪಕ್ಕದಲ್ಲಿ ಕೂತಳು.

“ನಿನ್ನ ಪಾಲಿನ ಅಳೂನೂ ನಾನ ಅತ್ತು ಮುಗಸಬೇಕಂತ ಮಾಡಿದ್ದೆ,” ಎಂದಳು. “ಇನ್ನೂ ಮುಗದಿಲ್ಲವ್ವಾ.”